ಗಾಜಿನ ಒಳಬದಿ

ಒದ್ದೆ ವಿಭೂತಿಯ ವಾಸನೆ. ಬೆನಕಪ್ಪ ಥಟ್ಟನೆ ತಲೆ ಎತ್ತಿದ.

ಬೀಡಿ, ಬೆವರು, ಅರಗು ನಾರುವ ಕೋರ್ಟಿನ ವರಾಂಡಕ್ಕೆ ಇದು ಎಲ್ಲಿಂದ ಬಂತು? ಕೊಟ್ಟೂರಿನ ಮನೆಯಲ್ಲಿ ಬೆಳಗಿನ ಜಾವ ಅವ್ವ ದೇವರ ಪಟದ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ವಿಭೂತಿಗಟ್ಟಿಯ ಮೇಲೆ ಎರಡು ಹನಿ ನೀರು ಬಿಟ್ಟು ತಿಕ್ಕಿ, ಮೂರು ಬೆರಳಿಂದ ಗಾಜಿನ ಮೇಲೆ ಮೂರು ಗೆರೆ ಎಳೆಯುತ್ತಿದ್ದಳು. ಆರಿದ ಒಲೆಗೆ ನೀರು ಚಿಮುಕಿಸಿದಂಥ ತಣ್ಣನೆಯ ವಾಸನೆ. ಕೌದಿಯೊಳಗೆ ಅದು ಮೂಗಿಗೆ ಬಂದರೆ ಅವ್ವ ಎದ್ದಿದ್ದಾಳೆ, ಕತ್ತಲು ಮುಗಿಯಿತು ಎಂದು ಅರ್ಥ. ಅವನು ಮಗ್ಗುಲು ಹೊರಳಿ ಮತ್ತೆ ನಿದ್ದೆ ಹೋಗುತ್ತಿದ್ದ.

ಇವತ್ತು ಅದೇ ವಾಸನೆಗೆ ಅವನಿಗೆ ಹೆದರಿಕೆಯಾಯಿತು.

ಯಾಕೆಂದು ಹೊಳೆಯಲಿಲ್ಲ. ಅವ್ವ ತೀರಿಕೊಂಡು ಬಹಳ ವರ್ಷವಾಗಿತ್ತು. ಈಗಿನ ಮನೆಯಲ್ಲಿ ಹೆಂಡತಿ ನಾಗಲಿಂಗಮ್ಮ ಊದುಬತ್ತಿ ಹಚ್ಚುತ್ತಾಳೆ, ಅಷ್ಟೆ. ಆದರೂ ಈ ವಾಸನೆಯನ್ನು ಈಚೆಗೆ, ಈ ವರ್ಷದಲ್ಲೇ, ಎಲ್ಲೋ ಮೂಸಿದ್ದೇನೆ. ಎಲ್ಲಿ?

ವಾಸನೆ ಬಂದದ್ದು ಪಕ್ಕದಲ್ಲಿ ಹಾದುಹೋದ ಹೆಂಗಸಿನಿಂದ. ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಸೆರಗು. ಕಳವಾದ ಮನೆಯ ಒಡತಿ ಪಂಪಮ್ಮ. ಸಾಕ್ಷಿ ಹೇಳಿ ಈಗಷ್ಟೇ ಹೊರಗೆ ಬಂದಿದ್ದಳು. ಒಳಗೆ ಹೋಗುವ ಮುಂಚೆ ನಲ್ಲಿಯ ಕೆಳಗೆ ಮುಖ ತೊಳೆದು ಮತ್ತೆ ಹಚ್ಚಿಕೊಂಡಿರಬೇಕು, ಇನ್ನೂ ಆರಿರಲಿಲ್ಲ. ಬೆಂಚಿನ ಮೇಲೆ ಮೊದಲೇ ಕೂತಿದ್ದ ಮುದುಕಿ ಸರಿದು ಜಾಗ ಮಾಡಿಕೊಟ್ಟಳು. ಆ ಮುದುಕಿ ಲಾಲ್ ಬೀ, ಆರೋಪಿಯ ತಾಯಿ.

"ಏನ್ ಕೇಳಿದ್ರು ಪಂಪಕ್ಕ?"

"ದಿನಾ ಗಾಜು ಒರಸ್ತೀಯೇನು ಅಂದ್ರು. ದೇವ್ರ ಗಾಜು ಒರಸಲಾರ್ದ ಯಾರಾರ ಬಿಡ್ತಾರೇನು? ನಿತ್ಯ ಒರಸ್ತೀನ್ರಿ ಅಂದೆ. ಬರಕೊಂಡ್ರು."

"ಖರೇನ ಹೇಳೀಯಲ್ಲ ಬಿಡು."

"ನಾ ನಿನ್ನ ಮಗನ ಹೆಸರು ಹೇಳಿಲ್ಲ ಬೂಬಮ್ಮ. ಇವತ್ತೂ ಹೇಳಿಲ್ಲ. ಗಾಜು ಹೇಳೇತಂತ. ನಾನೇನ್ ಮಾಡ್ಲಿ?"

ಲಾಲ್ ಬೀ ತನ್ನ ತಂಬಿಗೆಯ ನೀರನ್ನು ಪಂಪಮ್ಮನ ಕಡೆ ದೂಡಿದಳು. ಪಂಪಮ್ಮ ಎತ್ತಿ ಕುಡಿದಳು.

ಬೆನಕಪ್ಪ ದೃಷ್ಟಿ ತಪ್ಪಿಸಿದ. ಗಾಜು ಹೇಳಿದ್ದಲ್ಲ. ಗಾಜಿನ ಪರವಾಗಿ ಹೇಳಲು ಬಂದವನು ಅವನು.

ಅವನು ಬೆರಳಮುದ್ರೆ ತಜ್ಞ. ಜಿಲ್ಲಾ ಕೇಂದ್ರದ ಕಚೇರಿಯೊಂದರಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂತು, ಭೂತಗನ್ನಡಿಯ ಕೆಳಗೆ ಜನರ ಬೆರಳಿನ ಗೆರೆ ನೋಡುವುದು ಅವನ ಕೆಲಸ. ಅವನಿಗೆ ಮುಖ ನೆನಪಿರುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವನ ಮುಖಕ್ಕಿಂತ ಮುಂದಿನ ಸೀಟಿನ ಸರಳು ಹಿಡಿದ ಅವನ ಕೈ ಮೊದಲು ಕಾಣುತ್ತದೆ. ಎರಡು ವರ್ಷದಿಂದ ಬೆನಕಪ್ಪನಿಗೆ ಇನ್ನೊಂದು ಅಭ್ಯಾಸ ಹತ್ತಿತ್ತು. ನೀರು ಕುಡಿದ ಲೋಟವನ್ನು ಪಂಚೆಯ ತುದಿಯಿಂದ ಒರೆಸಿ ಇಡುತ್ತಿದ್ದ. "ನಾನೇನು ಪೊಲೀಸರವಳಾ?" ಎಂದು ನಾಗಲಿಂಗಮ್ಮ ಮೊದಮೊದಲು ನಗುತ್ತಿದ್ದಳು. ಆಮೇಲೆ ನಗುವುದನ್ನು ಬಿಟ್ಟಳು. ಈಗ ಅವನು ಒರೆಸಿಟ್ಟ ಲೋಟವನ್ನು ಅವಳು ಇನ್ನೊಮ್ಮೆ ತೊಳೆಯುತ್ತಾಳೆ.

"ಚಾ ತಗೊಳ್ರಿ ಸಾರ್." ಪೇದೆ ಹುಲುಗಪ್ಪ ಗಾಜಿನ ಗ್ಲಾಸು ಚಾಚಿದ. ಇನ್ನೊಂದು ಕೈಯಲ್ಲಿ ಸರಪಣಿಯ ತುದಿ. ಸರಪಣಿಯ ಆಚೆ ತುದಿಗೆ ದಸ್ತಗಿರಿ.

ಇಬ್ಬರೂ ನೆಲದ ಮೇಲೆ ಕೂತರು. ದಸ್ತಗಿರಿಯ ಗ್ಲಾಸನ್ನು ಹುಲುಗಪ್ಪನೇ ಅವನ ಕೈಗೆ ಕೊಟ್ಟ, ಬಿಸಿ ಐತಿ ಎಂದು ಎಚ್ಚರಿಸಿ.

"ಇವ್ನು ನೋಡ್ರಿ ಸಾರ್, ಪಟಕ್ಕ ಕಟ್ಟು ಹಾಕಾವ. ಕೊಟ್ಟೂರಾಗ ಎಲ್ಲಾ ಮನಿ ದೇವ್ರೂ ಇವ್ನ ಕೈಯಾಗ ಹಾದು ಹೋಗ್ಯಾವು. ಆ ಅಮ್ಮನ ಮನಿ ಪಟಕ್ಕೂ ಇವ್ನೇ ಗಾಜು ಹಾಕ್ಯಾನಂತ. ಅದಕ್ಕ ನನ್ನ ಬೆರಳು ಐತಿ ಅಂತಾನ."

"ಹಾಕೀನಲ್ರಿ ಮತ್ತ," ದಸ್ತಗಿರಿ ಹೇಳಿದ.

"ಯಾವಾಗಲೇ? ಮೂರು ವರ್ಷದ ಹಿಂದ. ದಿನಾ ಒರಸೋ ಗಾಜಿನ ಮ್ಯಾಲೆ ಮೂರು ವರ್ಷದ ಗುರುತು ಕುಂತಿರ್ತತೇನಲೇ? ನಿನ್ನ ಹೆಬ್ಬಟ್ಟಿಗೆ ಏನ್ ಅಂಟು, ಸರೇಸು ಹಚ್ಚಿದ್ಯಾ?"

ದಸ್ತಗಿರಿ ನಕ್ಕ. ಹೆದರಿದವನ ನಗು ಅಲ್ಲ. ತನ್ನ ಕಸುಬಿನ ಮಾತು ಬಂದುದಕ್ಕೆ ನಕ್ಕ ನಗು. "ಓಣಿಯಾಗ ಎಲ್ಲರ ಬೆರಳೂ ಕೇಳಿದ್ರು ಸಾರ್. ನಾನಽ ಮೊದ್ಲು ಕೈ ಚಾಚಿದ್ದು. ಹೆದರಾದು ಯಾಕ ಅಂತ."

ಬೆನಕಪ್ಪ ಚಹಾ ಕುಡಿದ. ಕೇಸಿನ ಸಂಗತಿ ಅವನಿಗೆ ಗೊತ್ತಿತ್ತು. ಗೋಡೆಯ ಗೂಡಿನಲ್ಲಿ ಪಂಪಮ್ಮನ ಬೋರಮಾಳ ಸರ. ಗೂಡಿಗೆ ಅಡ್ಡವಾಗಿ ದೇವರ ಪಟ. ಕಳ್ಳ ಪಟ ಎಳೆದಾಗ ಅದು ಬಿದ್ದು ಒಡೆದಿದೆ. ಸರ ಹೋಯಿತು, ಚೂರುಗಳು ಉಳಿದವು. ಅಂಗೈ ಅಗಲದ ಒಂದು ಚೂರಿನಲ್ಲಿ ಒಂದು ಹೆಬ್ಬೆರಳು. ಪೊಲೀಸರು ಕಾಗದದಲ್ಲಿ ಸುತ್ತಿ ಕಳಿಸಿದ್ದರು. ಉಳಿದ ಚೂರುಗಳನ್ನು ಪಂಪಮ್ಮ ಅದೇ ಸಂಜೆ ಗುಡಿಸಿ, ದೇವರ ಗಾಜು ಕಾಲಿಗೆ ಸಿಗಬಾರದೆಂದು, ಬಾವಿಗೆ ಹಾಕಿದ್ದಳು.

ಅವನು ಗ್ಲಾಸನ್ನು ಒರೆಸಿ ಕೆಳಗಿಟ್ಟ. ಬಗ್ಗಿದಾಗ ಕನ್ನಡಕದ ಎಡಗಾಜು ಕಳಚಿ ಮಡಿಲಿಗೆ ಬಿತ್ತು. ಒಂದು ವಾರದಿಂದ ಸಡಿಲವಾಗಿತ್ತು.

"ಕೊಡ್ರಿ ಇಲ್ಲಿ," ದಸ್ತಗಿರಿ ಬೇಡಿಯ ಕೈ ಚಾಚಿದ.

"ಬೇಡ."

"ಕೋರ್ಟಿನಾಗ ಬಿದ್ದೀತ್ರಿ. ಒಂದು ನಿಮಿಷ."

ಹುಲುಗಪ್ಪ ಸರಪಣಿಯನ್ನು ಸ್ವಲ್ಪ ಸಡಿಲ ಬಿಟ್ಟ. ದಸ್ತಗಿರಿ ಗಾಜನ್ನು ಚೌಕಟ್ಟಿಗೆ ಹಿಡಿದು, ಹೆಬ್ಬೆರಳಿಂದ ಮೆಲ್ಲಗೆ ಒತ್ತಿ ಕೂಡಿಸಿ, ಉಗುರಿನ ತುದಿಯಿಂದ ತಿರುಪು ಬಿಗಿದ. ಬೆನಕಪ್ಪ ಬಗ್ಗಿ ನೋಡಿದ. ಆ ಹೆಬ್ಬೆರಳು ಅವನಿಗೆ ಅದರ ಯಜಮಾನನಿಗಿಂತ ಚೆನ್ನಾಗಿ ಗೊತ್ತಿತ್ತು. ನಡುವೆ ಸುಳಿ, ಬಲಕ್ಕೆ ಒಡೆದ ಒಂದು ಗೆರೆ, ಕೆಳಗೆ ಗಾಜು ಕೊಯ್ದ ಹಳೆಯ ಗಾಯ. ತಿಂಗಳುಗಟ್ಟಲೆ ಅದು ಅವನ ಮೇಜಿನ ಮೇಲೆ ಅಂಗೈಯಷ್ಟು ದೊಡ್ಡದಾಗಿ ಮಲಗಿತ್ತು. ಈಗ ಸಣ್ಣದಾಗಿ, ಬೆಚ್ಚಗೆ, ಅವನ ಕನ್ನಡಕ ಸರಿಮಾಡುತ್ತಿತ್ತು.

"ತಗೊಳ್ರಿ."

"ಎಷ್ಟು ಕೊಡಲಿ?" ಬಾಯಿ ತಪ್ಪಿ ಕೇಳಿದ.

ಹುಲುಗಪ್ಪ ಹೋ ಎಂದು ನಕ್ಕ. ದಸ್ತಗಿರಿ ನೆಲ ನೋಡಿದ.

ಒಳಗಿಂದ ಜವಾನ ಬೆನಕಪ್ಪನ ಹೆಸರನ್ನು ಮೂರು ಸಲ ಕೂಗಿದ.

ಕಟಕಟೆಯಲ್ಲಿ ನಿಂತಾಗ ಬೆನಕಪ್ಪನ ದನಿ ಯಾವಾಗಲೂ ಬದಲಾಗುತ್ತದೆ. ಕೊಟ್ಟೂರಿನ ಮಾತು ಅವನ ಬಾಯಿಂದ ಎಂದೋ ಹೋಗಿಬಿಟ್ಟಿತ್ತು. ಅದರ ಜಾಗದಲ್ಲಿ ವರದಿಯ ಭಾಷೆ ಬಂದು ಕೂತಿತ್ತು.

ಸರ್ಕಾರಿ ವಕೀಲರು ಗಾಜಿನ ಚೂರನ್ನು ಎತ್ತಿ ಹಿಡಿದರು. "ಇದರ ಮೇಲಿದ್ದ ಮುದ್ರೆ ಯಾರದ್ದು?"

"ಆರೋಪಿಯ ಬಲ ಹೆಬ್ಬೆರಳಿನದು."

"ಬೇರೆಯವರದ್ದು ಆಗಿರಬಹುದೇ?"

"ಸಾಧ್ಯವಿಲ್ಲ."

"ಸಂಶಯ?"

"ಇಲ್ಲ."

ಎಲ್ಲವೂ ನಿಜ. ಅವನು ಎಂದೂ ಕೋರ್ಟಿನಲ್ಲಿ ಸುಳ್ಳು ಹೇಳಿದವನಲ್ಲ. ಆದರೆ ನ್ಯಾಯಾಧೀಶರ ಮುಖ ಮಸುಕಾಗಿ ಕಾಣುತ್ತಿತ್ತು. ಅವರ ಹಿಂದಿನ ಗೋಡೆಯ ಎಪ್ಪತ್ತೊಂಬತ್ತರ ಕ್ಯಾಲೆಂಡರೂ ಮಸುಕು. ಎಡಗಣ್ಣಿಗೆ ಏನೋ ಅಡ್ಡ ಬಂದಿತ್ತು. ಅವನು ಕರವಸ್ತ್ರ ತೆಗೆದು, ಕನ್ನಡಕ ಕಳಚದೆಯೇ, ಗಾಜನ್ನು ಒರೆಸಿದ.

ಆರೋಪಿಯ ಪರ ವಕೀಲ ಯರ್ರೆಪ್ಪ ಎದ್ದ. ಚಿಕ್ಕ ವಯಸ್ಸು, ಸವೆದ ಕೋಟು, ನೆಗಡಿ. "ಈ ಮುದ್ರೆ ಬಿದ್ದು ಎಷ್ಟು ದಿನ ಆಗಿರಬಹುದು?"

"ಹೇಳಲು ಬರುವುದಿಲ್ಲ."

"ಮೂರು ವರ್ಷ ಆಗಿರಬಹುದೇ?"

"ಒರೆಸದೆ ಬಿಟ್ಟ ಗಾಜಿನ ಮೇಲಾದರೆ ಉಳಿಯಬಹುದು."

ಸರ್ಕಾರಿ ವಕೀಲರು ಕೂತಲ್ಲಿಂದಲೇ ಹೇಳಿದರು, "ಫಿರ್ಯಾದುದಾರರು ದಿನಾ ಒರೆಸುತ್ತಾರೆಂದು ಸಾಕ್ಷಿ ಆಗಿದೆ, ಸ್ವಾಮಿ." ನ್ಯಾಯಾಧೀಶರು ತಲೆಯಾಡಿಸಿದರು. ಯರ್ರೆಪ್ಪ ಮುಂದಿನ ಪ್ರಶ್ನೆ ಹುಡುಕುತ್ತ ಕಾಗದ ತಿರುವಿದ.

ಮಸುಕು ಹೋಗಿರಲಿಲ್ಲ. ಬೆನಕಪ್ಪ ಮತ್ತೆ ಒರೆಸಿದ. ಗಟ್ಟಿಯಾಗಿ ಒರೆಸಿದ. ಹೋಗಲಿಲ್ಲ. ಬೆಳಕು ಓರೆಯಾಗಿ ಬಿದ್ದಾಗ ಗೆರೆಗಳು ಕಂಡವು. ನಡುವೆ ಸುಳಿ, ಬಲಕ್ಕೆ ಒಡೆದ ಒಂದು ಗೆರೆ.

ಎಷ್ಟು ಒರೆಸಿದರೂ ಹೋಗುವುದಿಲ್ಲ. ಅದು ಒಳಬದಿಯಲ್ಲಿದೆ.

ಕಟಕಟೆಯ ಸರಳನ್ನು ಅವನು ಎರಡೂ ಕೈಯಿಂದ ಹಿಡಿದುಕೊಂಡ.

ವಾಸನೆ ಈಗ ತಾನಾಗಿ ಬಂತು. ಎಲ್ಲಿಂದ ಎಂದು ಹುಡುಕಬೇಕಾಗಲಿಲ್ಲ. ಅವನ ಮೇಜು. ಕಾಗದ ಬಿಚ್ಚಿದಾಗ ಚೂರಿನ ಒಂದು ಬದಿಗೆ ಹೆಬ್ಬೆರಳು. ಇನ್ನೊಂದು ಬದಿಗೆ ಬೆರಳಗಲದ ಒಂದು ಬಿಳಿ ಗೆರೆ. ಫೋಟೋ ತೆಗೆಯುವಾಗ ಆ ಬಿಳಿ ಗೆರೆ ಗಾಜಿನ ಮೂಲಕ ಕಂಡು ಮುದ್ರೆಗೆ ಅಡ್ಡ ಬರುತ್ತಿತ್ತು. ಗೋಡೆಯ ಸುಣ್ಣ ಇರಬೇಕೆಂದುಕೊಂಡು ಒದ್ದೆ ಹತ್ತಿಯಿಂದ ಒರೆಸಿ ತೆಗೆದ. ಆಗಲೇ ಆ ವಾಸನೆ ಬಂದದ್ದು. ಅವ್ವ, ಕೌದಿ, ಬೆಳಗು. ಒಂದು ಗಳಿಗೆ ಕಣ್ಣು ಮುಚ್ಚಿ ಕೂತಿದ್ದ. ಆ ಕಚೇರಿಯಲ್ಲಿ ಅವನಿಗೆ ಹಿತವಾದ ಗಳಿಗೆ ಎಂದರೆ ಅದೊಂದೇ. ಆಮೇಲೆ ಫೋಟೋ ಬಹಳ ಚೊಕ್ಕವಾಗಿ ಬಂತು. ಮೇಲಧಿಕಾರಿ ಹೊಗಳಿದ್ದರು.

ವಿಭೂತಿ ಇದ್ದದ್ದು ಹೊರಬದಿ. ಹಾಗಾದರೆ ಹೆಬ್ಬೆರಳು ಒಳಬದಿ, ದಿನಾ ಒರೆಸುವ ಬಟ್ಟೆ ತಾಗದ ಕಡೆ. ಪಟ ಕಟ್ಟಿದ ದಿನ ಗಾಜು ಒತ್ತಿ ಕೂಡಿಸಿದವನ ಹೆಬ್ಬೆರಳು.

"ಉಳಿದದ್ದು ಊಟ ಆದಮೇಲೆ," ಎಂದರು ನ್ಯಾಯಾಧೀಶರು.

ಹೊರಗೆ ಬಿಸಿಲು ಬಿಳಿಯಾಗಿ ಬಿದ್ದಿತ್ತು. ಸರ್ಕಾರಿ ವಕೀಲರು ಅವನ ಹೆಗಲ ಮೇಲೆ ಕೈಯಿಟ್ಟರು. ಅವನು ಬೆಚ್ಚಿದ.

"ಚಲೋ ಆತು. ಆ ಹುಡುಗ ವಕೀಲ ಇನ್ನೇನು ಕೇಳಂಗಿಲ್ಲ. ಕೇಳಿದ್ರ ಕೇಳಿದ್ದಕ್ಕಷ್ಟೇ ಉತ್ತರ. ಹೋಟ್ಲಿಗೆ ಬರ್ರಿ, ಉಪ್ಪಿಟ್ಟು ಬಿಸಿ ಇರ್ತತಿ."

"ಹಸಿವಿಲ್ಲ."

"ಯಾಕ್ರಿ, ಮೈಯಾಗ ಆರಾಮ ಇಲ್ಲೇನು?"

"ಚೂರಿನ ಎರಡು ಬದಿ—" ಎಂದ ಬೆನಕಪ್ಪ. "ಮುದ್ರೆ ಯಾವ ಬದಿಗಿತ್ತು ಅಂತ ವರದಿಯಲ್ಲಿ ಇಲ್ಲ."

ವಕೀಲರು ಕೊಡೆ ಬಿಚ್ಚುವುದನ್ನು ನಿಲ್ಲಿಸಿದರು. ಅವನನ್ನೇ ನೋಡಿದರು. "ಯಾರಾರ ಕೇಳ್ಯಾರೇನು?"

"ಇಲ್ಲ."

"ಮತ್ತ?" ಕೊಡೆ ಬಿಚ್ಚಿಕೊಂಡಿತು. "ನೀವು ಬಸ್ಸಿನಾಗ ದಣದೀರಿ."

ಅವರು ಹೋದರು. ಅವನು ಬೇವಿನ ಮರದ ನೆರಳಿಗೆ ಬಂದು ಕಲ್ಲಿನ ಮೇಲೆ ಕೂತ. ಉಗುರಿನ ಸಂದಿನಲ್ಲಿ ಬೂದು ಬಣ್ಣದ ಪುಡಿ. ಎಷ್ಟು ತೊಳೆದರೂ ಹೋಗದ ಕಸುಬಿನ ಪುಡಿ. ಆ ಕೈಯನ್ನು ಯಾರಾದರೂ ನೋಡಿಯಾರೆಂದು ತೊಡೆಯ ಕೆಳಗೆ ಇಟ್ಟುಕೊಂಡ.

ಹೇಳಿದರೆ? ನಾನೇ ಒರೆಸಿದೆ ಎಂದು ಎದ್ದು ಹೇಳಿದರೆ? ಸಾಕ್ಷಿ ಏನು ಎನ್ನುತ್ತಾರೆ. ಫೋಟೋದಲ್ಲಿ ಇಲ್ಲ. ವರದಿಯಲ್ಲಿ ಇಲ್ಲ. ಚೂರು ಈಗ ಎರಡೂ ಬದಿಗೆ ಒಂದೇ ಸಮ ಚೊಕ್ಕ. ಚೂರಿಗೆ ಮುಂದು ಯಾವುದು, ಹಿಂದು ಯಾವುದು? ಇರುವ ಸಾಕ್ಷಿ ಅವನ ಮೂಗು. ವಾಸನೆ ಬಂತು ಸ್ವಾಮಿ, ನಮ್ಮ ಅವ್ವನ ನೆನಪಾಯಿತು ಸ್ವಾಮಿ, ಎಂದು ಹೇಳಬೇಕು. ಕೋರ್ಟು ನಗುತ್ತದೆ. ನಕ್ಕಾದ ಮೇಲೆ ಯಾರೋ ಒಬ್ಬರು ಕೇಳುತ್ತಾರೆ: ಉಳಿದ ಕೇಸುಗಳಲ್ಲಿ ಏನೇನು ಒರೆಸಿದ್ದೀರಿ?

ಏನೇನು ಒರೆಸಿದ್ದೇನೆ? ಚೊಕ್ಕವಾಗಲಿ ಎಂದು ಎಷ್ಟು ಹತ್ತಿ, ಎಷ್ಟು ಕುಂಚ. ಯಾವುದಕ್ಕೂ ವಾಸನೆ ಇರಲಿಲ್ಲವಾದ್ದರಿಂದ ಯಾವುದೂ ನೆನಪಿಲ್ಲ.

ಸುಣ್ಣವೇ ಇರಬಹುದು. ಸುಣ್ಣ ಅಂದುಕೊಳ್ಳಬಹುದು. ಆ ಮನೆಯ ಗೋಡೆಗೆ ಸುಣ್ಣ ಬಳಿದಿದ್ದರು. ಸುಣ್ಣಕ್ಕೂ ಒದ್ದೆಯಾದರೆ ಏನೋ ಒಂದು ವಾಸನೆ ಇದ್ದೇ ಇರುತ್ತದೆ.

ನಾಲ್ಕು ಮಾರಿನಾಚೆ, ಅದೇ ಮರದ ನೆರಳಿನಲ್ಲಿ, ಅವರು ಊಟಕ್ಕೆ ಕೂತಿದ್ದರು. ಹುಲುಗಪ್ಪ ದಸ್ತಗಿರಿಯ ಬಲಗೈಯ ಬೇಡಿ ತೆಗೆದಿದ್ದ. ಲಾಲ್ ಬೀ ಬುತ್ತಿ ಬಿಚ್ಚಿದಳು. ಪಂಪಮ್ಮ ತನ್ನ ಗಂಟಿನಿಂದ ಶೇಂಗಾ ಚಟ್ನಿ ತೆಗೆದು ನಡುವೆ ಇಟ್ಟಳು. ದಸ್ತಗಿರಿ ಅದಕ್ಕೆ ಕೈ ಹಾಕಲು ಅನುಮಾನಿಸಿದ.

"ಹಚ್ಚಿಕೋ," ಎಂದಳು ಪಂಪಮ್ಮ, ಸಿಟ್ಟಿನಿಂದಲೇ. "ಸರ ತಗೊಂಡಾವ್ಗ ಚಟ್ನಿ ಭಾರ ಆತೇನು?"

"ನಾ ತಗೊಂಡಿಲ್ಲ ಪಂಪಕ್ಕ."

"ಹಂಗಾದ್ರ ಮೊದ್ಲು ಉಣ್ಣು."

ಹುಲುಗಪ್ಪ ನಕ್ಕ, ಅವನೂ ಒಂದು ರೊಟ್ಟಿ ಎಳೆದುಕೊಂಡ. ಕಳೆದುಕೊಂಡವಳು, ಕದ್ದನೆಂಬವನು, ಅವನನ್ನು ಕಟ್ಟಿ ಹಿಡಿದವನು, ಮೂವರ ಕೈಯೂ ಒಂದೇ ಚಟ್ನಿಯಲ್ಲಿ. ಹೊರಗುಳಿದವನು ಅವರ ಯಾರ ಮೇಲೂ ಯಾವ ಸಿಟ್ಟೂ ಇಲ್ಲದ ಬೆನಕಪ್ಪ ಒಬ್ಬನೇ.

ಪಂಪಮ್ಮ ಅವನ ಕಡೆ ತಿರುಗಿದಳು. "ಎಷ್ಟು ವರ್ಷ ಹಾಕ್ತಾರ್ರೀ ಸಾರ್, ಇವ್ನಿಗೆ?"

"ನನಗೆ ಗೊತ್ತಿಲ್ಲ."

"ನಿಮಗ ಗೊತ್ತಿರಂಗಿಲ್ಲೇನು? ಹೇಳಾವರು ನೀವಲ್ಲ?" ಅವಳ ದನಿಯಲ್ಲಿ ಕೊಂಕು ಇರಲಿಲ್ಲ. "ಮುದುಕಿಗೆ ಇವ್ನೊಬ್ಬನೇ ಅದಾನ್ರಿ. ಬಾಳ ಹಾಕಬ್ಯಾಡ್ರಿ ಅಂತ ಹೇಳ್ರಿ."

ಅವನು ಕೇಳಬಾರದಾಗಿತ್ತು. ಕೇಳದಿದ್ದರೆ ಸುಣ್ಣ ಸುಣ್ಣವಾಗಿಯೇ ಉಳಿಯುತ್ತಿತ್ತು. "ಪಟಕ್ಕೆ... ವಿಭೂತಿ ಹಚ್ಚುತ್ತಿದ್ದಿರಾ?"

"ಹಚ್ಚಲಾರ್ದ? ನಿತ್ಯ ಹಚ್ತಿದ್ದೆ. ಒರಸಿ, ಹಚ್ಚಿ, ಆಮ್ಯಾಲೆ ಒಲಿ ಮುಂದ ಹೋಗಾದು."

"ಕಳವಾದ ದಿನ?"

"ಅವತ್ತೂ."

"ಗಾಜಿನ ಮೇಲೆಯೇ?"

ಪಂಪಮ್ಮ ಲಾಲ್ ಬೀಯ ಮುಖ ನೋಡಿದಳು. ಬಾಯಿಗೆ ಸೆರಗು ಹಿಡಿದು ನಕ್ಕಳು. "ಮತ್ತ ಗಾಜಿನ ಒಳಗ ಹಚ್ಚಾಕ ಬರ್ತತೇನ್ರಿ? ನಿಮ್ಮ ಮನ್ಯಾಗ ಪಟ ಇಲ್ಲೇನು?"

ಎಲ್ಲರೂ ನಕ್ಕರು, ದಸ್ತಗಿರಿ ಕೂಡ. ನಗುವಾಗ ಬಾಯಲ್ಲಿ ತುತ್ತು ಇದ್ದುದರಿಂದ ಬಲಗೈಯನ್ನು ಬಾಯಿಗೆ ಅಡ್ಡ ಹಿಡಿದ. ಆ ಕೈಯಲ್ಲಿ ಆ ಹೆಬ್ಬೆರಳು ಇತ್ತು.

ಬೆನಕಪ್ಪನೂ ನಗಲು ನೋಡಿದ. ಆಗಲಿಲ್ಲ. ಯರ್ರೆಪ್ಪ ದೂರದಲ್ಲಿ ಮೆಟ್ಟಿಲ ಮೇಲೆ ಮೂಗು ಒರೆಸುತ್ತ ಕೂತಿದ್ದ. ಎದ್ದುಹೋಗಿ ಒಂದು ಮಾತು ಹೇಳಿದರೆ ಸಾಕು: ಯಾವ ಬದಿ ಎಂದು ಕೇಳಿ. ಇಪ್ಪತ್ತು ಹೆಜ್ಜೆ ಇರಬಹುದು. ಬೆನಕಪ್ಪ ಏಳಲು ಕೈ ಊರಿದ. ಕಲ್ಲಿನ ಮೇಲೆ ಬೆವರಿದ ಅಂಗೈಯ ಗುರುತು ಒದ್ದೆಯಾಗಿ ಮೂಡಿತು, ಐದೂ ಬೆರಳು. ಅವನು ಅದನ್ನು ನೋಡಿ ಮತ್ತೆ ಕೂತ. ಕರವಸ್ತ್ರ ತೆಗೆದು ಕಲ್ಲನ್ನು ಒರೆಸಿದ.

ಕನ್ನಡಕದ ಒಳಬದಿಯನ್ನು ಮಾತ್ರ ಒರೆಸಲಿಲ್ಲ. ಒರೆಸಬೇಕೆಂದು ಕಳಚಿದ, ಮತ್ತೆ ಹಾಗೆಯೇ ಹಾಕಿಕೊಂಡು ಕೈಯನ್ನು ತೊಡೆಯ ಕೆಳಗೆ ತೂರಿಸಿದ. ಬೇವಿನ ಮರ, ಕೋರ್ಟಿನ ಹೆಂಚು, ಊಟ ಮಾಡುವವರು, ಎಲ್ಲವೂ ಆ ಸುಳಿಯೊಳಗೇ ಕೂತಿದ್ದವು.

ಅಲ್ಲಿ ಏನೋ ಪಿಸುಮಾತು. ದಸ್ತಗಿರಿ ತಾಯಿಯ ಕಿವಿಯಲ್ಲಿ ಏನೋ ಹೇಳಿದ, ಗದ್ದ ಇತ್ತ ತಿರುಗಿತು. "ಬೆಳಿಗ್ಗಿಂದ ಏನೂ ತಿಂದಿಲ್ಲ, ನೋಡವಾ." ಅಷ್ಟು ಮಾತ್ರ ಕೇಳಿಸಿತು. ಲಾಲ್ ಬೀ ಬುತ್ತಿಯ ತಳ ಮುಟ್ಟಿ ನೋಡಿದಳು. ಉಳಿದಿದ್ದದ್ದನ್ನು ಎತ್ತಿಕೊಂಡಳು. ಮೊಣಕಾಲ ಮೇಲೆ ಕೈಯೂರಿ ಎದ್ದಳು.

ಅವಳು ಬರುತ್ತಿದ್ದಾಳೆ. ಬೇಡ ಎನ್ನಬೇಕು. ಎದ್ದು ಹೋಗಬೇಕು.

ಕೋರ್ಟಿನ ಬಾಗಿಲಲ್ಲಿ ಜವಾನ ಗಂಟಲು ಸರಿಮಾಡಿಕೊಂಡು ಕೂಗಲು ಶುರು ಮಾಡಿದ. ಯರ್ರೆಪ್ಪ ಮೆಟ್ಟಿಲಿನಿಂದ ಎದ್ದು ಕೋಟು ಜಾಡಿಸಿದ. ಬೆನಕಪ್ಪನ ಹೆಸರು ಬಿಸಿಲಿನಲ್ಲಿ ಒಂದು ಸಲ ಹಾದುಹೋಯಿತು.

ಲಾಲ್ ಬೀ ಅವನೆದುರು ನಿಂತಿದ್ದಳು. ಕೈಯಲ್ಲಿ ಮಡಿಚಿದ ಒಂದು ಜೋಳದ ರೊಟ್ಟಿ, ನಡುವೆ ಸ್ವಲ್ಪ ಪಲ್ಯ. ಬಡಿಯುವಾಗ ಒತ್ತಿದ ಅವಳ ಬೆರಳುಗಳ ಕುಳಿಗಳು ರೊಟ್ಟಿಯ ಹೊರಮೈಮೇಲೆ ಸಾಲಾಗಿ ಬೆಂದು ನಿಂತಿದ್ದವು. ಒಳಮೈ ಮಡಿಕೆಯಲ್ಲಿ ಮುಚ್ಚಿತ್ತು. ಅಲ್ಲಿ ಏನಿದೆ? ಬಿಚ್ಚಿ ನೋಡಬೇಕಾಗಿತ್ತು, ಅವನಿಗೆ ಧೈರ್ಯವಾಗಲಿಲ್ಲ.

ಹೆಸರು ಎರಡನೆಯ ಸಲ ಬಂತು.

ಅವಳು ಅವನ ಕೈಯನ್ನು ತೊಡೆಯ ಕೆಳಗಿನಿಂದ ಮೆಲ್ಲಗೆ ಎಳೆದು, ಅಂಗೈ ಬಿಡಿಸಿ, ರೊಟ್ಟಿಯನ್ನು ಅದರ ಮೇಲಿಟ್ಟು, ಬೀಳಬಾರದೆಂದು ಅವನ ಬೆರಳುಗಳನ್ನು ಒಂದೊಂದಾಗಿ ಮಡಿಚಿದಳು.